ದೊಡ್ಡಕ್ಕಾರ ಹಾಲಿಲ್ಲದ ಚಹಾ

ಹಾಲು ಹಾಕದ ಚಹಾ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹಾಲಿಗೆ ತತ್ವಾರವಿರುವ ಮನೆಯಾದರೆ ಅದು ಬೇರೆ ಮಾತು. ಎಲ್ಲ ಅನುಕೂಲವಿದ್ದೂ ಬಂದವರ ಮುಂದೆ ಗಾಜಿನ ಲೋಟದಲ್ಲಿ ಕೆಂಪು ನೀರು ಇಟ್ಟು, ಕುಡಿಯುವವರ ಮುಖವನ್ನೇ ನೋಡುತ್ತ ಕುಳಿತರೆ ಯಾರಿಗಾದರೂ ಸಂಶಯ ಬರುತ್ತದೆ. ನನಗಂತೂ ಬಂತು. ಅದಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳಿಲ್ಲ, ಅವರೂ ಕೇಳೆಂದು ಹೇಳಲಿಲ್ಲ.

ಆ ಚಹಾ ಕೊಟ್ಟವರು ನಮ್ಮ ಶಾಲೆಯ ಮುಖ್ಯ ಶಿಕ್ಷಕಿ. ಸವಣೂರಿನಿಂದ ಯಲವಿಗಿಯ ಕಡೆ ಹೋಗುವ ದಾರಿಯಲ್ಲಿ ಗೋವಿನಜೋಳದ ಹೊಲಗಳ ನಡುವೆ ಇರುವ ಸರಕಾರಿ ಶಾಲೆ ನಮ್ಮದು. ಮಕ್ಕಳು, ಊರವರು, ನಾವು ಮಾಸ್ತರರು ಎಲ್ಲರೂ ಅವರನ್ನು ದೊಡ್ಡಕ್ಕಾರು ಎನ್ನುತ್ತಿದ್ದೆವು. ಹಿರೇಕೆರೂರು ಸೀಮೆಯ ದೊಡ್ಡ ಒಕ್ಕಲುತನದ ಮನೆಯವರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಸವಣೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಹೋದ ಬೇಸಿಗೆಯಲ್ಲಿ ನಿವೃತ್ತರಾಗಿ ಅಬಲೂರಿನಲ್ಲಿರುವ ತಂಗಿಯ ಮನೆಗೆ ಹೋದರು. ಹೋದ ಮೇಲೆ ಶನಿವಾರ ಮಧ್ಯಾಹ್ನ ಏನು ಮಾಡಬೇಕೆಂದು ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಗಟ್ಟಿ ದನಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಲಗೈ ತುಂಬ ಸೀಮೆಸುಣ್ಣದ ಪುಡಿ. ಅವರಿಗೆ ಆಗದ ಒಂದೇ ಸಂಗತಿ ಎಂದರೆ ಅಂದಾಜು. ಹುಡುಗನೊಬ್ಬ ಲೆಕ್ಕದ ಉತ್ತರವನ್ನು ಊಹಿಸಿ ಹೇಳಿದರೆ, ಅದು ಸರಿಯಾಗಿದ್ದರೂ ಒಪ್ಪುತ್ತಿರಲಿಲ್ಲ. "ಅಂದಾಜ ಹೇಳಬ್ಯಾಡ. ಮಾಡಿ ನೋಡಿ ಹೇಳು," ಎನ್ನುತ್ತಿದ್ದರು. ನಮಗೂ ಅದೇ ಮಾತು. ಗೋಡೆಗೆ ಬಿರುಕು ಬಿಟ್ಟಿದೆ ಎಂದರೆ ಹೋಗಿ ಮುಟ್ಟಿ ಬರುವವರೆಗೆ ನಂಬುತ್ತಿರಲಿಲ್ಲ. ಈ ಒಂದು ಗುಣದಿಂದಾಗಿ ಅವರನ್ನು ಕಂಡರೆ ನನಗೆ ಒಳಗೊಳಗೇ ಗೌರವವಿತ್ತು, ಯಾಕೆಂದರೆ ನಾನೂ ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ನಾನು ಹಾಲನ್ನು ಮೂಸಿ ಕುಡಿಯುತ್ತೇನೆ, ಅನ್ನವನ್ನು ಮೂಸಿ ಉಣ್ಣುತ್ತೇನೆ. ಮಾವಿನಹಣ್ಣನ್ನು ತೊಟ್ಟಿನ ಹತ್ತಿರ ಮೂಸದೆ ಚೀಲಕ್ಕೆ ಹಾಕಿದವನಲ್ಲ. ಹಾನಗಲ್ಲಿನ ಸಂತೆಯಲ್ಲಿ ಒಬ್ಬ ಹಣ್ಣಿನವನು, "ಮಾಸ್ತರ, ತಗೊಂಡ್ರ ತಗೋರಿ, ಬರೇ ವಾಸನಿ ಕುಡದು ಹೋಗಬ್ಯಾಡ್ರಿ," ಎಂದಿದ್ದ. ಶಿಗ್ಗಾಂವಿಯವಳಾದ ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ನಾನು ಅವಳ ಅಡುಗೆಯನ್ನು ಮೂಸಿದ್ದಕ್ಕೆ ಮಾತು ಬಿಟ್ಟಿದ್ದಳು. ಈಗ ರೂಢಿಯಾಗಿದೆ.

ದೊಡ್ಡಕ್ಕಾರ ಬಗ್ಗೆ ಹೇಳುವಾಗ ನೀಲವ್ವನನ್ನು ಬಿಟ್ಟು ಹೇಳಲಾಗುವುದಿಲ್ಲ. ನೀಲವ್ವ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅವಳು ಕೆಲಸಕ್ಕೆ ಬಂದ ಹೊಸತರಲ್ಲಿ ಊರಿನ ಕೆಲವು ಮನೆಗಳಿಂದ ಮಕ್ಕಳು ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಯಾವ ಓಣಿಯವಳೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಹೇಳಬೇಕಾಗಿಯೂ ಇರಲಿಲ್ಲ. ದೊಡ್ಡಕ್ಕಾರು ಯಾರ ಮನೆಗೂ ಹೋಗಿ ಬುದ್ಧಿ ಹೇಳಲಿಲ್ಲ. ಒಂದು ತಾಟು ಹಿಡಿದು ಬಂದು ಮಕ್ಕಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನೆಲಕ್ಕೆ ಕುಳಿತು, "ನೀಲವ್ವ, ಮೊದಲ ನನಗ ಹಾಕು," ಎಂದರು. ಸಾಂಬಾರನ್ನು ಅಂಗೈಗೆ ಹಾಕಿಸಿಕೊಂಡು ಅಂಗಳಕ್ಕೆಲ್ಲ ಕೇಳುವಂತೆ ಸೊರ್ ಎಂದು ಎಳೆದರು. ಆಮೇಲೆ, "ಉಪ್ಪು ಚೂರು ಕಡಿಮಿ ಐತಿ. ನಾಳೆ ನೋಡಿ ಹಾಕು," ಎಂದರು. ಹಿರೇಕೆರೂರಿನ ದೊಡ್ಡ ಮನೆಯ ಹೆಣ್ಣುಮಗಳು ನೀಲವ್ವನ ಕೈ ಅಡುಗೆಯನ್ನು ದಿನಾ ಸೊರ್ ಎಂದು ಎಳೆಯುವುದನ್ನು ನೋಡಿ ನೋಡಿ ಬುತ್ತಿಗಳು ಒಂದೊಂದೇ ನಿಂತವು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬುದು ಎಲ್ಲ ಶಾಲೆಗಳಲ್ಲೂ ಇರುವ ನಿಯಮ. ನಮ್ಮಲ್ಲಿ ಮಾತ್ರ ಅದಕ್ಕೆ ಬೇರೆ ಬೆಲೆ ಬಂತು.

ಆಮೇಲೆ ಆ ಜ್ವರದ ಕಾಲ ಬಂತು. ಶಾಲೆಗಳು ಮುಚ್ಚಿದವು, ತೆರೆದವು. ದೊಡ್ಡಕ್ಕಾರೂ ಮಲಗಿ ಎದ್ದು ಬಂದರು. ನೋಡಲು ಮೊದಲಿನಂತೆಯೇ ಇದ್ದರು. ಮೊದಲಿನಂತೆ ಸಾಲಿನಲ್ಲಿ ಕೂಡುತ್ತಿದ್ದರು, ಸೊರ್ ಎಂದು ಎಳೆಯುತ್ತಿದ್ದರು. ಆದರೆ ಅದಕ್ಕೂ ಮೊದಲು ನನ್ನನ್ನು ಅಡುಗೆ ಕೋಣೆಗೆ ಕರೆಯತೊಡಗಿದರು. "ಮಾಸ್ತರ್ರ, ಒಂಚೂರು ನೋಡಿ ಹೇಳ್ರಿ." ನಾನು ಸೌಟನ್ನು ಮೂಗಿನ ಹತ್ತಿರ ಹಿಡಿದು, ರುಚಿ ನೋಡಿ, ಅಡ್ಡಿಯಿಲ್ಲ ಎಂದ ಮೇಲೆಯೇ ಅವರು ಹೊರಗೆ ಹೋಗಿ ತಾಟಿನ ಮುಂದೆ ಕೂಡುವುದು. ಇದು ದಿನಾ ನಡೆಯಿತು.

ನನಗೆ ಇದರಲ್ಲಿ ಏನೋ ಇದೆ ಅನ್ನಿಸಿತು. ಮಕ್ಕಳಿಗೆ ಏನಾದರೂ ಆದರೆ, ಮಾಸ್ತರ ನೋಡಿದ್ದರು ಎಂದು ನನ್ನ ಕಡೆ ಬೊಟ್ಟು ಮಾಡುವ ಉಪಾಯವೇ? ಅಥವಾ ಅವರಿಗೇ ನೀಲವ್ವನ ಮೇಲೆ ಸಂಶಯ ಬಂದಿದೆಯೇ? ಕೇಳಿದರೆ, "ನೀವು ಛಲೋ ನೋಡತೀರಿ ಅದಕ್ಕ," ಎಂದಷ್ಟೇ ಹೇಳಿದರು. ಹೊಗಳಿ ಕೆಲಸ ಮಾಡಿಸುವವರ ಮೇಲೂ ನನಗೆ ಅನುಮಾನವೇ.

ಅದೇ ದಿನಗಳಲ್ಲಿ ಅವರ ಮನೆಗೆ ಕೊರಿಯರಿನಲ್ಲಿ ಹಣ್ಣು, ಕೇಕುಗಳ ಹೆಸರು ಬರೆದ ಚಹಾದ ಡಬ್ಬಿಗಳು ಬರತೊಡಗಿದವು. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಸವಣೂರಿನ ಬಸ್ಸು ಇಳಿದ ಮೇಲೆ, "ಚಾ ಕುಡದು ಹೋಗ್ರಿ," ಎಂದು ನನ್ನನ್ನೂ ಪಿ.ಟಿ. ಮಾಸ್ತರನನ್ನೂ ಕರೆದೊಯ್ಯುತ್ತಿದ್ದರು. ಮೊದಲ ಸಲ ಹೋದಾಗ ನಾವು ಖುಷಿಯಿಂದಲೇ ಕುಳಿತೆವು. ಒಳಗಿನಿಂದ ಗಾಜಿನ ಲೋಟಗಳು ಬಂದವು. ಹಾಲಿಲ್ಲ, ಸಕ್ಕರೆಯಿಲ್ಲ. ದಾರ ಕಟ್ಟಿದ ಸಣ್ಣ ಚೀಲ ಬಿಸಿನೀರಿನಲ್ಲಿ ಮುಳುಗಿ ಕೆಂಪು ಬಣ್ಣ ಬಿಡುತ್ತಿತ್ತು. ಅವರು ತಮ್ಮ ಲೋಟವನ್ನು ಮುಟ್ಟದೆ ನಮ್ಮ ಎದುರಿಗೆ ಕುಳಿತರು.

"ಕುಡೀರಿ. ಏನ ವಾಸನಿ ಬರತೈತಿ ಹೇಳ್ರಿ."

"ಛಲೋ ವಾಸನಿ ಬರತೈತ್ರಿ," ಎಂದ ಪಿ.ಟಿ. ಮಾಸ್ತರ.

"ಛಲೋ ಅಂದ್ರ ನನಗ ತಿಳಿಯೂದಿಲ್ಲ. ಹಿಂದಕ ಎಲ್ಲಿ ಬಂದಿತ್ತು ಈ ವಾಸನಿ, ಅದನ್ನ ಹೇಳ್ರಿ."

ಚಹಾ ಕೊಟ್ಟು ಪರೀಕ್ಷೆ ನಡೆಸುವ ಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಿ.ಟಿ. ಮಾಸ್ತರ ಅವತ್ತೇ ದಾರಿಯಲ್ಲಿ ದನಿ ತಗ್ಗಿಸಿ ಮದ್ದಿನ ಮಾತು ತೆಗೆದ. ನಮ್ಮ ಕಡೆ ಮದ್ದು ಹಾಕುವುದೆಂದರೆ ಊಟದಲ್ಲೋ ಚಹಾದಲ್ಲೋ ಏನನ್ನಾದರೂ ಬೆರೆಸಿ ಕೊಟ್ಟು, ಉಂಡವರನ್ನು ಕೊಟ್ಟವರು ಹೇಳಿದಂತೆ ಕೇಳುವ ಹಾಗೆ ಮಾಡುವುದು. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. "ಇಲ್ಲಂದ್ರ ಅವರು ಹೇಳಿದ್ದಕ್ಕೆಲ್ಲ ನೀವು ದಿನಾ ಯಾಕ ಸೌಟು ಮೂಸತೀರಿ?" ಎಂದು ಅವನು ಕೇಳಿದ. ಮುಂದಿನ ಶನಿವಾರದಿಂದ ಅವನಿಗೆ ಸವಣೂರಿನಲ್ಲಿ ಬೇರೆ ಬೇರೆ ಕೆಲಸಗಳು ಬಿದ್ದವು. ನಾನು ಮದ್ದನ್ನು ನಂಬುವವನಲ್ಲ. ಆದರೆ ನಂಬದಿರುವುದನ್ನೂ ಪೂರ್ತಿ ನಂಬುವವನಲ್ಲ. ಅವರು ಒಳಗೆ ಹೋದಾಗ ಅರ್ಧ ಲೋಟವನ್ನು ಕಟ್ಟೆಯ ಮೇಲಿನ ದಾಸವಾಳದ ಕುಂಡಕ್ಕೆ ಸುರಿದು, ಮುಂದಿನ ವಾರ ಹೋಗಿ ಮೊದಲು ಆ ಗಿಡವನ್ನೇ ನೋಡಿದೆ. ಅದು ಮೊಗ್ಗು ಬಿಟ್ಟಿತ್ತು. ಅದರಿಂದಲೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ.

ಹೀಗಿರುವಾಗ ಒಂದು ಬಿರುಬೇಸಿಗೆಯ ದಿನ ಸಾಂಬಾರಿನ ಪ್ರಸಂಗ ನಡೆಯಿತು. ನೀಲವ್ವನ ಅಕ್ಕನ ಮಗಳ ನಿಶ್ಚಯವಿತ್ತು. ಅವಳು ನಸುಕಿನಲ್ಲೇ ಬಂದು ಸಾಂಬಾರು ಮಾಡಿ, ಬಿಸಿಯಿರುವಾಗಲೇ ಮುಚ್ಚಳ ಬಿಗಿದು, ಅನ್ನ ಮಾಡಿ ಬಡಿಸಲು ತನ್ನ ನಾದಿನಿಗೆ ಹೇಳಿ ಹೋಗಿದ್ದಳು. ನಾನು ಸವಣೂರಿಗೆ ಯಾವುದೋ ಮೀಟಿಂಗಿಗೆ ಹೋಗಿದ್ದೆ. ತಿರುಗಿ ಬರುವಾಗ ಬಸ್ಸು ತಡವಾಯಿತು. ಶಾಲೆ ಮುಟ್ಟಿದಾಗ ಊಟದ ಹೊತ್ತು ಮೀರಿ ಎಷ್ಟೋ ಆಗಿತ್ತು. ಮಕ್ಕಳು ಸಾಲಾಗಿ ಕುಳಿತು ತಾಟು ಬಡಿಯುತ್ತಿದ್ದರು. ಗೇಟಿನ ಹೊರಗೆ ನಾಲ್ಕಾರು ಜನ ಕೂಡಿದ್ದರು. ಹಿಂದೆ ಬುತ್ತಿ ಕಟ್ಟಿ ಕಳಿಸುತ್ತಿದ್ದ ಮನೆಗಳವರೇ ಅದರಲ್ಲಿ ಹೆಚ್ಚು. ದೊಡ್ಡಕ್ಕಾರು ಅಡುಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

ಶಾಲಾ ಸಮಿತಿಯ ಅಧ್ಯಕ್ಷರು ಸಿಟ್ಟಿಗೆದ್ದಿದ್ದರು. "ನಾ ರುಚಿ ನೋಡಿ ಹೇಳೇನಲ್ರಿ, ಛಲೋ ಐತಿ ಅಂತ. ಕೂಸುಗಳು ಹಸದು ಕುಂತಾವು. ಬಡಸ್ರಿ."

"ನಿಮ್ಮ ಬಾಯಾಗ ತಂಬಾಕು ಐತಿ. ಮಾಸ್ತರ್ ಬರಲಿ," ಎಂದರು ದೊಡ್ಡಕ್ಕಾರು.

ಗೇಟಿನ ಕಡೆಯಿಂದ ಒಬ್ಬ ಕೂಗಿದ. "ಯಾಕ್ರಿ ಅಕ್ಕಾರ, ನೀವ ನೋಡೂದಿಲ್ಲೇನು? ಆಕಿ ಕೈಯಾಂದು ನಿಮಗೂ ಬ್ಯಾಡಾತೇನು?"

ದೊಡ್ಡಕ್ಕಾರು ನನ್ನನ್ನು ಕಂಡವರೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಸೌಟಿನಲ್ಲಿ ಸಾಂಬಾರು ತೆಗೆದು ನನ್ನ ಮುಂದೆ ಹಿಡಿದರು.

ನನ್ನ ಅಷ್ಟೂ ದಿನಗಳ ಸಂಶಯ ಒಮ್ಮೆಲೇ ಬಾಯಿಗೆ ಬಂತು. "ಅಕ್ಕಾರ, ಇವತ್ತು ಮೊದಲ ನೀವು ನೋಡ್ರಿ. ದಿನಾ ನನ್ನ ಯಾಕ ಮುಂದ ಮಾಡತೀರಿ, ಅದನ್ನ ಹೇಳ್ರಿ. ಆಮ್ಯಾಲೆ ನಾ ನೋಡತೇನಿ."

ಅವರು ಸೌಟನ್ನು ಬಾಯಿಗೆ ಹಚ್ಚಿ ಕುಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ನನಗ ಬಿಸಿ ಐತೋ ತಣ್ಣಗೈತೋ ಅಷ್ಟ ತಿಳೀತೈತಿ, ಮಾಸ್ತರ್ರ. ಜ್ವರ ಬಂದು ಹೋದಾಗಿಂದ ವಾಸನಿ ಇಲ್ಲ, ರುಚಿ ಇಲ್ಲ. ಮ್ಯಾಲೆ ಚೂರು ನೊರಿ ಕಂಡೈತಿ. ಹಳಸೇತೋ ಇಲ್ಲೋ ನನಗ ಗೊತ್ತಾಗವಲ್ದು."

"ಇದನ್ನ ಮೊದಲ ಹೇಳಿದ್ರ ಆಗತಿತ್ತಲ್ರಿ."

"ಹೇಳಿದ್ರ ಹೊರಗ ನಿಂತಾರಲ್ಲ, ಅವರು ಸುಮ್ನ ಇರತಾರೇನು? ಅಕ್ಕಾರಿಗೆ ರುಚಿನ ಗೊತ್ತಿಲ್ಲ, ಅದಕ್ಕ ಆಕಿ ಕೈಯಾಂದು ಉಂಡಾರು ಅಂತಾರ. ನಾಳೆ ಮತ್ತ ಬುತ್ತಿ ಬರತಾವು. ಇವತ್ತ ಇದು ಕೆಟ್ಟೈತಿ ಅಂದ್ರೂ ನೀಲವ್ವನ ಮ್ಯಾಲೆ ಬರತೈತಿ. ಕೆಟ್ಟದ್ದನ್ನ ಬಡಿಸಿ ಕೂಸುಗಳು ಕಾರಿಕೊಂಡ್ರೂ ಆಕಿ ಮ್ಯಾಲೆ ಬರತೈತಿ. ಅಂದಾಜಿನ ಮ್ಯಾಲೆ ನಾ ಹೆಂಗ ಹೇಳ್ಲಿ?"

ನಾನು ಸೌಟು ತೆಗೆದುಕೊಂಡು ಮೂಸಿದೆ. ಮೇಲೆ ಇಂಗು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಅದರ ಕೆಳಗೆ ಸಣ್ಣಗೆ, ಹುಣಸೆಹಣ್ಣಿನದಲ್ಲದ ಒಂದು ಹುಳಿ. ತಂಬಾಕಿನ ಬಾಯಿಗೆ ಅದು ತಿಳಿಯುವಂತಿರಲಿಲ್ಲ.

"ಹಳಸೇತ್ರಿ," ಎಂದೆ.

"ಖರೇನ? ಅಂದಾಜಲ್ಲಲಾ?"

"ಖರೇನ್ರಿ."

ದೊಡ್ಡಕ್ಕಾರು ಎರಡೂ ಕೈಯಿಂದ ಸಾಂಬಾರಿನ ಪಾತ್ರೆಯ ಅಂಚು ಹಿಡಿದು ಹಿತ್ತಲ ಮೋರಿಯ ಕಡೆಗೆ ಅನಾಮತ್ತಾಗಿ ಉರುಳಿಸಿದರು. ಪಾತ್ರೆಯ ಸಪ್ಪಳಕ್ಕೆ ಹೊರಗಿನ ತಾಟುಗಳು ಸುಮ್ಮನಾದವು. ಸೀರೆಯ ಅಂಚಿಗೆಲ್ಲ ಸಾಂಬಾರು ಹತ್ತಿಸಿಕೊಂಡೇ ಬಾಗಿಲು ತೆಗೆದು ಹೊರಗೆ ಹೋಗಿ, "ನನ್ನ ಕೈ ಜಾರಿ ಬಿತ್ತು. ವಯಸ್ಸಾತು ನೋಡ್ರಿ," ಎಂದರು. ಅಧ್ಯಕ್ಷರು ಹಣೆ ಬಡಿದುಕೊಂಡರು. ಗೇಟಿನವರು ನಕ್ಕರು. ದೊಡ್ಡಕ್ಕಾರು ಆ ನಗುವವರ ಹತ್ತಿರವೇ ಹೋಗಿ, "ನಗಾಕ ಏನಾಗೇತಿ, ಮನ್ಯಾಗ ಶೇಂಗಾ ಚಟ್ನಿ, ಮೊಸರು ಏನೈತಿ ತರ್ರಿ. ಅನ್ನ ಬಿಸಿ ಐತಿ," ಎಂದು ಜೋರು ಮಾಡಿದರು. ಅವತ್ತು ನೀಲವ್ವನ ನಾದಿನಿ ಬೇಯಿಸಿದ ಅನ್ನಕ್ಕೆ ಬುತ್ತಿಯ ಮನೆಗಳ ಮೊಸರು ಕಲಸಿ ಮಕ್ಕಳು ಉಂಡರು. ನೀಲವ್ವನನ್ನು ಮರುದಿನ ದೊಡ್ಡಕ್ಕಾರು ಒಳಗೆ ಕರೆದು ಬೈದದ್ದು ನನಗೆ ಮಾತ್ರ ಕೇಳಿಸಿತು.

ಆ ಶನಿವಾರ ನಾನಾಗಿಯೇ ಅವರ ಮನೆಗೆ ಹೋದೆ. ಆಗ ಚಹಾದ ವಿಷಯವೂ ಹೊರಬಂತು. ಮೂಗಿಗೆ ದಿನಾ ಬೇರೆ ಬೇರೆ ವಾಸನೆ ತೋರಿಸಿ ರೂಢಿ ಮಾಡಿಸಿದರೆ ಹೋದದ್ದು ತಿರುಗಿ ಬಂದರೂ ಬರಬಹುದು ಎಂದು ಹಾವೇರಿಯ ಡಾಕ್ಟರು ಹೇಳಿದ್ದರಂತೆ.

"ಅದಕ್ಕ ಲವಂಗ, ಬೆಲ್ಲ ಸಾಲದೇನ್ರಿ? ಈ ಕೇಕಿನ ಚಾ, ಹಣ್ಣಿನ ಚಾ ಯಾಕ ಬೇಕಿತ್ತು?" ಎಂದು ಕೇಳಿದೆ. ಸಂಶಯ ಅಷ್ಟು ಬೇಗ ಬಿಡುವುದಿಲ್ಲ.

"ಲವಂಗ ಮೂಸಿದ್ರ ವಾಸನಿ ಬಂದಂಗ ಆಗತೈತಿ. ಅದು ಮೂಗಿಗೆ ಬಂತೋ ನೆನಪಿಗೆ ಬಂತೋ, ಅದ ಅನುಮಾನ ನನಗ. ಲವಂಗದ್ದು ಸಣ್ಣಾಕಿದ್ದಾಗಿಂದ ಗೊತ್ತೈತಲ್ಲ. ಇವನ್ನ ನಾ ಹಿಂದಕ ಎಂದೂ ಮೂಸಿಲ್ಲ. ಇವುದರಾಗ ಬಂತಂದ್ರ ಖರೇ ಬಂದಂಗ."

ತಮ್ಮ ಮೂಗನ್ನೇ ಇಷ್ಟು ಅನುಮಾನಿಸುವ ಮನುಷ್ಯರನ್ನು ನಾನು ನೋಡಿರಲಿಲ್ಲ.

"ನನ್ನ ಯಾಕ ಕರದ್ರಿ ಮತ್ತ?"

"ನೀವು ಯಾರನ್ನೂ ನಂಬೂದಿಲ್ಲ. ಅದಕ್ಕ ನಿಮ್ಮ ಮೂಗು ನಂಬೇನಿ."

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಆದರೆ ಅವತ್ತಿನಿಂದ ಶನಿವಾರಗಳ ರುಚಿಯೇ ಬದಲಾಯಿತು. ನಾನು ಲೋಟ ಹಿಡಿದು ಹೇಳುವುದು, ಅವರು ಕಣ್ಣು ಮುಚ್ಚಿ ತಮ್ಮ ಲೋಟದ ಹಬೆಗೆ ಮುಖವೊಡ್ಡಿ ಕೇಳುವುದು. ಚೆರ್ರಿ ಹಣ್ಣಿನ ಚಹಾ ಕೆಮ್ಮಿನ ಔಷಧಿಯ ಹಾಗಿತ್ತು. ಹಾಗೆಂದು ಹೇಳಿದ್ದಕ್ಕೆ ನಕ್ಕರು. ಲಿಂಬೆ ಕೇಕಿನದು ಸವಣೂರು ಬಸ್ ನಿಲ್ದಾಣದ ಹತ್ತಿರದ ಬೇಕರಿಯಲ್ಲಿ ಸಂಜೆ ಒಲೆಯ ಬಾಗಿಲು ತೆಗೆದಾಗ ಬರುವ ವಾಸನೆ. ಸೇಬು ಮತ್ತು ದಾಲ್ಚಿನ್ನಿ ಬೆರೆತದ್ದು ಮದುವೆ ಮನೆಯ ಪಲಾವಿನ ಪಾತ್ರೆಯ ಪಕ್ಕದಲ್ಲಿ ಯಾರೋ ಹಣ್ಣು ಹೆಚ್ಚಿದಂತೆ. ಮಾವಿನದನ್ನು ನಾನು ಒಪ್ಪಲೇ ಇಲ್ಲ. "ಇದು ಹಾನಗಲ್ ಕಡಿ ಹಣ್ಣಿನ ವಾಸನಿ ಅಲ್ರೀ. ಪೆಪ್ಪರಮಿಂಟಿನ ವಾಸನಿ," ಎಂದೆ. ಸ್ಟ್ರಾಬೆರಿಯನ್ನು ನಾವಿಬ್ಬರೂ ತಿಂದಿರಲಿಲ್ಲ. ಆದರೆ ಮೂಸಿದ ಕೂಡಲೇ ನನಗೆ ಗುರುತು ಸಿಕ್ಕಿತು. ಮೂರನೆಯ ತರಗತಿಯ ಹುಡುಗಿಯರ ಕಂಪಾಸಿನಲ್ಲಿ ಇರುತ್ತದಲ್ಲ, ಕೆಂಪು ಬಣ್ಣದ ವಾಸನೆಯ ರಬ್ಬರು, ಥೇಟ್ ಅದು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕ್ಯಾರಮೆಲ್ ಎಂದು ಬರೆದಿದ್ದ ಡಬ್ಬಿ. ಅದರ ಹಬೆ ಮೂಗಿಗೆ ಬಡಿದಾಗ ಬೆಲ್ಲದ ಕೊಪ್ಪರಿಗೆಯ ಅಂಚಿಗೆ ಹತ್ತಿದ ಪಾಕವನ್ನು ಕಬ್ಬಿನ ಸಿಪ್ಪೆಯಿಂದ ಕೆರೆದು ತಿನ್ನುತ್ತಿದ್ದ ಬಾಲ್ಯ ಎದುರಿಗೆ ಬಂದು ನಿಂತಿತು. ಸಕ್ಕರೆಯಿಲ್ಲದೆ ನಾಲಿಗೆಗೆ ಅಷ್ಟು ಸಿಹಿಯ ಆಸೆ ಹುಟ್ಟಿಸುವ ಚಹಾ ಬೇರೆ ಇಲ್ಲ. ನಾನು ಎರಡನೆಯ ಲೋಟ ಕೇಳುತ್ತಿದ್ದೆ. ಅವರು ಕೇಳುತ್ತಿದ್ದರು, "ಆ ಪಾಕ ಬೆಚ್ಚಗಿತ್ತೋ, ಆರಿತ್ತೋ?" ನಾನು ನೆನಪು ಮಾಡಿಕೊಂಡು, ಬೆಚ್ಚಗಿತ್ತು ಎನ್ನುತ್ತಿದ್ದೆ. ಅವರು ಮತ್ತೆ ಹಬೆಗೆ ಬಾಗಿ, ಆಮೇಲೆ ತಲೆ ಅಲ್ಲಾಡಿಸಿ ಲೋಟ ಕೆಳಗಿಡುತ್ತಿದ್ದರು. "ಇಲ್ಲ ಬಿಡ್ರಿ. ಬಿಸಿನೀರು." ಯಾವತ್ತೂ ಅವರು ಸುಮ್ಮನೆ ವಾಸನೆ ಬಂತು ಎನ್ನಲಿಲ್ಲ, ನನ್ನ ಸಮಾಧಾನಕ್ಕೂ ಎನ್ನಲಿಲ್ಲ.

ಮನೆ ಖಾಲಿ ಮಾಡುವ ದಿನ ಸಾಮಾನು ಕಟ್ಟಲು ಕೈಹಚ್ಚೋಣ ಎಂದು ಹೋದೆ. ಪಡಸಾಲೆಯಲ್ಲಿ ಗಂಟುಗಳು, ಒಂದೇ ಒಂದು ಕುರ್ಚಿ. ಅವರು ಅದರಲ್ಲಿ ಕುಳಿತು ಒಂದು ಲೋಟ ಮೂಸುತ್ತಿದ್ದರು. ನನ್ನನ್ನು ಕಂಡು, "ಮಾಸ್ತರ್ರ, ಹೇಳಬ್ಯಾಡ್ರಿ, ನಾ ಹೇಳತೇನಿ. ಇದು ರಬ್ಬರ್," ಎಂದರು. ಮುಖದಲ್ಲಿ ಹೊಸ ಬೆಳಕಿತ್ತು.

ನನಗೆ ಖುಷಿಯಾಗಬೇಕಿತ್ತು. ಆದರೆ ಡಬ್ಬಿ ತೆಗೆದವರು ಅವರೇ, ರಬ್ಬರಿನ ಮಾತು ನಾನೇ ಹಿಂದೆ ಹೇಳಿದ್ದು. "ಡಬ್ಬಿ ನೋಡೀರಿ ನೀವು," ಎಂದೆ.

"ನೋಡೇನಿ," ಎಂದು ಒಪ್ಪಿಕೊಂಡರು. "ನನಗೂ ಅದ ಅನುಮಾನ."

"ನೀವು ಇಲ್ಲೇ ಕುಂಡ್ರಿ. ನಾ ಬ್ಯಾರೆ ಮಾಡಿಕೊಂಡು ಬರತೇನಿ. ಯಾವುದಂತ ಹೇಳೂದಿಲ್ಲ."

"ಮಾಡ್ರಿ. ಅಲ್ಲೇ ಹಾಲು ಐತಿ ನೋಡ್ರಿ. ಇವತ್ತರ ನಿಮಗ ಹಾಲಿನ ಚಾ ಕುಡಸೂಣಂತ ತರಿಸೇನಿ."

ಒಳಗೆ ಹೋಗಿ ಒಂದು ಒಲೆಗೆ ನೀರಿಟ್ಟೆ, ಇನ್ನೊಂದಕ್ಕೆ ಸಣ್ಣ ಉರಿಯಲ್ಲಿ ಸ್ವಲ್ಪ ಹಾಲು ಇಟ್ಟೆ. ಕ್ಯಾರಮೆಲ್ ಡಬ್ಬಿಯ ಚೀಲವನ್ನೇ ಆರಿಸಿ, ದಾರದ ತುದಿಯ ಹೆಸರಿನ ಚೀಟಿ ಹರಿದು ಕಿಸೆಗೆ ಹಾಕಿಕೊಂಡೆ. ಲೋಟ ತಂದು ಅವರ ಕೈಗೆ ಕೊಟ್ಟು ಎದುರಿಗೆ ಗಂಟೊಂದರ ಮೇಲೆ ಕುಳಿತೆ. ಈಗ ಮುಖ ನೋಡುವ ಸರದಿ ನನ್ನದಾಗಿತ್ತು.

ಅವರು ಕಣ್ಣು ಮುಚ್ಚಿದರು. ತುಂಬ ಹೊತ್ತು ಉಸಿರೆಳೆದರು. ಹುಬ್ಬುಗಳು ಗಂಟಿಕ್ಕಿದವು. ಲೋಟವನ್ನು ದೂರ ಹಿಡಿದು, ಮತ್ತೆ ಹತ್ತಿರ ತಂದು, ಮತ್ತೆ ದೂರ ಹಿಡಿದರು. ಬೆಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಹೊತ್ತಿದ ವಾಸನಿ," ಎಂದರು.

"ಅಲ್ರಿ ಅಕ್ಕಾರ. ಇದು..."

"ಇದರಾಗ ಅಲ್ಲ." ಅವರು ಕಣ್ಣು ತೆರೆದಿದ್ದರು. "ಇದರಾಗ ಏನೂ ಇಲ್ಲ. ಮಾಸ್ತರ್ರ, ಒಳಗ ಹಾಲು ಹೊತ್ತಾಕತ್ತೈತಿ."

ಎದ್ದು ಓಡಿದೆ. ಹಾಲು ಉಕ್ಕಿರಲಿಲ್ಲ, ಸಪ್ಪಳ ಮಾಡಿರಲಿಲ್ಲ. ಸಣ್ಣ ಉರಿಯಲ್ಲಿ ಸುಮ್ಮನೆ ಬತ್ತಿ ತಳ ಹಿಡಿದು ಕಂದಾಗಿತ್ತು. ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆಯೇ ಅದರ ವಾಸನೆ ನನಗೆ ಬಂದದ್ದು. ಅವರ ಮುಖ ನೋಡುತ್ತ ಕುಳಿತು ನನ್ನ ಮೂಗನ್ನೇ ಮರೆತಿದ್ದೆ.

ಪಾತ್ರೆ ಹಿಡಿದು ಹೊರಗೆ ಬಂದಾಗ ನಾನು ಏನು ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು. ಕುರ್ಚಿಯಿಂದ ಎದ್ದು ನಿಂತರು.

"ಬರ್ರಿ, ಇಲ್ಲೆ ಕುಂತು ನೋಡ್ರಿ. ಒಲಿ ಕಾಣತೈತೇನು?"

ನಾನು ಕುಳಿತೆ. ನಾಚಿಕೆಯಿಲ್ಲದೆ ಕುಳಿತೆ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಕತ್ತು ಚಾಚಿದೆ. ಎದುರಿಗೆ ಕ್ಯಾಲೆಂಡರ್ ತೆಗೆದ ಮೊಳೆಯೊಂದಿದ್ದ ಗೋಡೆ. ಒಲೆಯೂ ಇಲ್ಲ, ಹೊಗೆಯೂ ಇಲ್ಲ.

"ಕಾಣೂದಿಲ್ರಿ," ಎಂದೆ.

"ಅಂದಾಜಲ್ಲಲಾ?"

"ಅಲ್ರಿ."

ಅವರು ನನ್ನ ಕೈಯಿಂದ ಪಾತ್ರೆಯನ್ನು ಇಸಿದುಕೊಂಡು, ಸೆರಗಿನಲ್ಲಿ ಹಿಡಿದು, ಅದರೊಳಗೆ ಮುಖವಿಟ್ಟು ಎಳೆದ ಉಸಿರಿನ ಸದ್ದು ಖಾಲಿ ಮನೆಗೆಲ್ಲ ಕೇಳಿಸಿತು. ಆಮೇಲೆ ಒಳಗೆ ಹೋಗಿ ಅದೇ ಹೊತ್ತಿದ ಹಾಲಿಗೆ ನೀರು, ಚಹಾಪುಡಿ, ಸಕ್ಕರೆ ಹಾಕಿ ಕುದಿಸಿ ತಂದರು. ಅಂಥ ಕೆಟ್ಟ ಚಹಾವನ್ನು ನಾನು ನನ್ನ ಜೀವಮಾನದಲ್ಲಿ ಕುಡಿದಿಲ್ಲ. ಮೂಸದೆಯೇ ಕುಡಿದೆ. ದೊಡ್ಡಕ್ಕಾರು ಅದನ್ನು ಬಸಿಗೆ ಹಾಕಿಕೊಂಡು ಓಣಿಗೆಲ್ಲ ಕೇಳುವಂತೆ ಸೊರ್ ಎಂದು ಎಳೆದು, ಇನ್ನೂ ಒಂದು ಬಸಿ ಹಾಕಿಕೊಂಡರು.